ದುಂಡು ಅಂಗಳದ ಮಾರ್ಕರ್

ಅವರ ಬಲಗೈ ಎಡಗೈಗಿಂತ ಒಂದೂವರೆ ಪಟ್ಟು ದಪ್ಪವಾಗಿತ್ತು. ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಹುರಿಗಟ್ಟಿ, ನರಗಳು ಎದ್ದು ಕಾಣುತ್ತಿದ್ದವು. ಎಡಗೈ ಮಾತ್ರ ಯಾವುದೋ ಕಚೇರಿಯ ಗುಮಾಸ್ತನದು. ಇಬ್ಬರ ಕೈಗಳನ್ನು ಒಬ್ಬನ ಮೈಗೆ ಹಚ್ಚಿದಂತಿತ್ತು. ರೋಣದ ದರ್ಜಿಗೆ ಅವರ ಅಂಗಿ ಹೊಲಿಯುವುದೆಂದರೆ ತಲೆನೋವು. ಒಂದೊಂದು ತೋಳಿಗೂ ಬೇರೆ ಅಳತೆ ತೆಗೆದುಕೊಳ್ಳಬೇಕು. ಸುಮಾರು ಮೂವತ್ತು ವರ್ಷ ದಿನಕ್ಕೆ ಮೂರು ನಾಲ್ಕು ತಾಸು ಟೆನಿಸ್ ಬ್ಯಾಟು ಹಿಡಿದ ಕೈ ಅದು.

ಊರವರೆಲ್ಲ ಅವರನ್ನು ಮಾರ್ಕರ್ ಎನ್ನುತ್ತಿದ್ದರು. ಟೆನಿಸ್ ಕ್ಲಬ್ಬಿನಲ್ಲಿ ಅಂಗಳ ಕಸಗುಡಿಸಿ, ನೀರು ಹೊಡೆದು, ಸುಣ್ಣದ ಗೆರೆ ಎಳೆದು, ಆಡಲು ಜೊತೆ ಸಿಗದ ಸದಸ್ಯರೊಡನೆ ತಾನೇ ಬ್ಯಾಟು ಹಿಡಿದು ನಿಲ್ಲುವ ನೌಕರನಿಗೆ ಹಾಗೆನ್ನುತ್ತಾರೆ. ಸಮುದ್ರದ ದಂಡೆಯ ಊರೊಂದರ ಕ್ಲಬ್ಬಿನಲ್ಲಿ ಅವರು ಬಹಳ ವರ್ಷ ಆ ಕೆಲಸ ಮಾಡಿದ್ದರು. ಅಲ್ಲಿಂದ ನಮ್ಮ ತಾಲೂಕಿಗೆ ವರ್ಗವಾಗಿ ಬಂದ ಅಧಿಕಾರಿಯೊಬ್ಬರು, ಟೆನಿಸ್ ಇಲ್ಲದೆ ಸಂಜೆ ಹೋಗುವುದಿಲ್ಲವೆಂದು, ಇವರನ್ನೂ ಕರೆತಂದರು. ಆ ಅಧಿಕಾರಿ ಎರಡೇ ವರ್ಷದಲ್ಲಿ ಬೇರೆಡೆಗೆ ಹೋದರು. ಮಾರ್ಕರ್ ಉಳಿದರು.

ನಾನು ಬೆಳವಣಕಿಯವನು. ಐವತ್ತರ ದಶಕದ ಆರಂಭದಲ್ಲಿ ರೋಣದ ಹೈಸ್ಕೂಲಿಗೆ ಇಂಗ್ಲಿಷ್ ಮಾಸ್ತರನಾಗಿ ಬಂದಾಗ ನನಗಿನ್ನೂ ಇಪ್ಪತ್ತಾರು ತುಂಬಿರಲಿಲ್ಲ. ತಾಲೂಕಿನ ಮಾಮಲೇದಾರ ಕಚೇರಿಯ ಹಿಂದೆ ಆ ಕ್ಲಬ್ಬು: ಒಂದು ಕೋಣೆ, ಒಂದು ಪಡಸಾಲೆ, ಕೈ ಮುರಿದ ಎರಡು ಕುರ್ಚಿ, ಎದುರಿಗೆ ಟೆನಿಸ್ ಅಂಗಳ. ಮಾಮಲೇದಾರರು, ವಕೀಲರು, ಪೋಸ್ಟ್ ಮಾಸ್ತರರು, ಅರಳೆ ವ್ಯಾಪಾರದ ಇಬ್ಬರು ಸಾಹುಕಾರರು ಸದಸ್ಯರು. ನನ್ನ ಅಕ್ಷರ ದುಂಡಗಿದೆ ಎಂದು ನನ್ನನ್ನೂ ಸೇರಿಸಿಕೊಂಡು ಕಾರ್ಯದರ್ಶಿ ಮಾಡಿದರು. ದೊಡ್ಡ ಮರ್ಯಾದೆ ಎಂದು ಹಿಗ್ಗಿದೆ. ಪತ್ರ ಬರೆಯುವುದು, ಹುಬ್ಬಳ್ಳಿಯಿಂದ ಚೆಂಡು ತರಿಸುವುದು, ದೊಡ್ಡವರು ಹೇಳಿದ್ದಕ್ಕೆ ತಲೆಯಾಡಿಸುವುದು, ಇಷ್ಟೇ ಅದರ ಅರ್ಥವೆಂದು ಆಮೇಲೆ ತಿಳಿಯಿತು.

ಆ ಅಂಗಳದ ಕಥೆಯನ್ನು ಹೇಳಲೇಬೇಕು. ನಮ್ಮದು ಎರೆ ನೆಲ, ಕರಿ ಮಣ್ಣು. ಬೇಸಿಗೆಯಲ್ಲಿ ಬಾಯಿ ಬಿಟ್ಟರೆ ಚೆಂಡು ಬಿರುಕಿನೊಳಗೆ ಹೋಗಿ ಕುಳಿತುಬಿಡುತ್ತದೆ. ಮಾರ್ಕರ್ ಮೊದಲು ತಮ್ಮ ಸಮುದ್ರದ ಊರಿನ ಪದ್ಧತಿಯಂತೆ ಕೆಂಪು ಮಣ್ಣು ಹಾಸಿ ನೋಡಿದರು. ಒಂದೇ ಮಳೆಗೆ ಎರೆ ಅದನ್ನು ನುಂಗಿ ನೀರು ಕುಡಿಯಿತು. ಆಗ ಅವರು ರಾಜೂರಿನ ಇಬ್ಬರು ರೈತರನ್ನು ಕರೆಸಿ, ನೀವು ಕಾಳು ಒಕ್ಕುವ ಕಣ ಹೇಗೆ ಗಟ್ಟಿಯಾಗಿ ನುಣ್ಣಗಿರುತ್ತದೋ ಹಾಗೆ ಈ ನೆಲ ಮಾಡಿಕೊಡಿ ಎಂದು ಹೇಳಿ, ಬಲೆ ತರಲು ಗದಗಿಗೆ ಹೋದರು. ಮೂರು ದಿನ ಬಿಟ್ಟು ಬಂದು ನೋಡಿದರೆ ನೆಲವೇನೋ ಕನ್ನಡಿಯಂತಾಗಿದೆ. ಎತ್ತು ಹೊಡೆದು ತುಳಿಸಿದ್ದಾರೆ, ಗುಂಡು ಉರುಳಿಸಿದ್ದಾರೆ, ಸಗಣಿ ಬಳಿದಿದ್ದಾರೆ. ಆದರೆ ಅಂಗಳ ದುಂಡಗಿದೆ, ನಟ್ಟ ನಡುವೆ, ಒಕ್ಕುವಾಗ ಎತ್ತು ಕಟ್ಟಿ ಸುತ್ತಿಸುವ ಜಾಲಿಯ ಮೇಟಿ ನಿಂತಿದೆ, ಮೇಟಿಗೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದಾರೆ!

ಮಾರ್ಕರ್ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ರೈತರಿಗೆ ನಗುವಂಥದ್ದೇನೆಂದೇ ಅರ್ಥವಾಗಲಿಲ್ಲ. "ಮೇಟಿ ಇಲ್ಲದ ಕಣ ಹ್ಯಾಂಗ ಆಗತೈತ್ರಿ?" ಎಂದು ಅವರಲ್ಲಿ ಹಿರಿಯ ಕೇಳಿದನಂತೆ.

ಬೇರೆ ಯಾರಾದರೂ ಆಗಿದ್ದರೆ ಅದನ್ನು ಕೆಡಿಸಿ ಚೌಕ ಮಾಡಿಸುತ್ತಿದ್ದರು. ಇವರು ಕೆಡಿಸಲಿಲ್ಲ. ಮೇಟಿಯನ್ನು ನೆಲಮಟ್ಟಕ್ಕೆ ಕೊಯ್ಯಿಸಿ, ಉಳಿದ ಬುಡಕ್ಕೆ ಕಬ್ಬಿಣದ ಕೊಂಡಿ ಹೊಡೆಸಿ, ಬಲೆಯ ನಡುಪಟ್ಟಿಯನ್ನು ಅದಕ್ಕೇ ಬಿಗಿದರು. ದುಂಡು ಕಣದೊಳಗೆ ಚೌಕದ ಸುಣ್ಣದ ಗೆರೆ ಎಳೆದರು. ಕಣದಲ್ಲಿ ಚಪ್ಪಲಿ ಮೆಟ್ಟಿ ನಿಲ್ಲಬಾರದೆಂದು ಆ ರೈತರು ಹೇಳಿಹೋಗಿದ್ದರು. ಸದಸ್ಯರು ಅದನ್ನು ಕೇಳಿ ನಕ್ಕು ಕ್ಯಾನ್ವಾಸ್ ಬೂಟಿನಲ್ಲೇ ಆಡಿದರು. ಮಾರ್ಕರ್ ಮಾತ್ರ ಅಂದಿನಿಂದ ಬರಿಗಾಲಿನಲ್ಲೇ ಆಡಿದರು. ನರಗುಂದದಿಂದ ಗಜೇಂದ್ರಗಡದವರೆಗೆ ಅಷ್ಟು ನುಣುಪಾದ ಅಂಗಳ ಇನ್ನೊಂದಿರಲಿಲ್ಲ.

ಆಟದಲ್ಲಿ ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ಹೇಳುವವರು ಅವರೇ. ಒಮ್ಮೆ ಮಾಮಲೇದಾರ ಸಾಹೇಬರು ಹೊಡೆದ ಚೆಂಡು ಗೆರೆಯಿಂದ ಎರಡು ಬೆರಳು ಆಚೆ ಬಿತ್ತು. ಕುರ್ಚಿಯಲ್ಲಿದ್ದ ಸಾಹುಕಾರರು ಒಳಗೆ ಒಳಗೆ ಎಂದು ಚಪ್ಪಾಳೆ ತಟ್ಟಿದರು. ಮಾರ್ಕರ್ ಹೊರಗೆಂದು ಕೈ ಎತ್ತಿದರು. ಸಾಹೇಬರ ಮೋರೆ ಗಂಟಿಕ್ಕಿತು. ಆಟ ಮುಗಿದ ಮೇಲೆ, ಸ್ವಲ್ಪ ಸಡಿಲ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನೇ ಅವರನ್ನು ಕೇಳಿದೆ.

"ಗೆರಿ ಯಾರ ಮಾತೂ ಕೇಳೂದಿಲ್ರಿ, ಮಾಸ್ತರ್ರ" ಎಂದರು. ತಮ್ಮದೇ ಚೆಂಡು ಹೊರಗೆ ಬಿದ್ದಾಗಲೂ ಅಷ್ಟೇ, ಎದುರಿನವರು ಬಾಯಿ ಬಿಡುವ ಮೊದಲೇ ಇವರ ಕೈ ಮೇಲಿರುತ್ತಿತ್ತು.

ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಅವರು ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದರು. ಒಬ್ಬನೇ ಇದ್ದ ನನಗೆ ಮನೆಗೆ ಹೋಗಿ ಮಾಡುವುದೇನೂ ಇರಲಿಲ್ಲ, ಪಡಸಾಲೆಯ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಆಗ ಸಮುದ್ರದ ಊರಿನ ಟೂರ್ನಮೆಂಟಿನ ಚರಿತ್ರೆ ಹೊರಬರುತ್ತಿತ್ತು. ಅಲ್ಲಿ ವರ್ಷಕ್ಕೊಮ್ಮೆ, ಚಳಿಗಾಲ ಮುಗಿಯುವ ಹೊತ್ತಿಗೆ, ಸುತ್ತಲಿನ ಸಾಹೇಬರೆಲ್ಲ ಕೂಡಿ ಜೋಡಿ ಜೋಡಿಯಾಗಿ ಆಡುತ್ತಿದ್ದರಂತೆ. ಯಾವ ವರ್ಷ ಯಾರು ಗೆದ್ದರು, ಯಾರನ್ನು ಸೋಲಿಸಿದರು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಎಲ್ಲವೂ ಅವರ ನಾಲಿಗೆಯ ಮೇಲೆ. ಒಬ್ಬ ಎಂಜಿನಿಯರು ಬಿಸಿಲಿಗೆ ಹೆದರಿ ಟೋಪಿಯೊಳಗೆ ಎಲೆಕೋಸಿನ ಎಲೆ ಇಟ್ಟುಕೊಂಡು ಆಡಿದ್ದು. ಒಂದು ವರ್ಷ ಸಮುದ್ರದ ಭರತದ ನೀರು ಅಂಗಳದ ಅಂಚಿಗೆ ಬಂದು, ಹಾರಿಹೋದ ಚೆಂಡುಗಳನ್ನು ಮೀನು ಮಾರುವ ಹೆಂಗಸರು ಬುಟ್ಟಿಯಲ್ಲಿ ಆರಿಸಿ ತಂದುಕೊಟ್ಟದ್ದು. ಗೆದ್ದವರ ಹೆಸರನ್ನು ಕರಿ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಯುವ ಕೆಲಸ ತಮ್ಮದೇ ಆಗಿದ್ದದ್ದು. ಸಮುದ್ರವನ್ನೇ ಕಾಣದ ನನಗೆ ಆ ಹಲಗೆ ಕಣ್ಣಿಗೆ ಕಟ್ಟಿತ್ತು.

ಒಂದು ವರ್ಷದ ಮಾತು ಬಂದಾಗ ಮಾತ್ರ ಅವರು ಯಾವಾಗಲೂ ಒಂದೇ ಮಾತು ಹೇಳುತ್ತಿದ್ದರು. "ಆ ವರ್ಷ ಗಾಳಿ-ಮಳಿ ಭಾಳ ಆತ್ರಿ, ಕಡೀ ಆಟ ಆಗಲಿಲ್ಲ." ಹಾಗೆಂದು ನೀರಿನ ಝಾರಿ ತುಂಬಲು ಹೊರಟುಬಿಡುತ್ತಿದ್ದರು. ಚಳಿಗಾಲದ ಕೊನೆಗೆ ಅಂಥ ಮಳೆ ಎಲ್ಲಿಂದ ಬಂತೆಂದು ನನಗೆ ಹೊಳೆಯಲೇ ಇಲ್ಲ. ಇದನ್ನೆಲ್ಲ ಬರೆದಿಡೋಣ ಎಂದು ದೊಡ್ಡಸ್ತಿಕೆಯಿಂದ ಹೇಳಿ ಒಂದು ನೋಟುಬುಕ್ಕು ತಂದೆ. ಹನ್ನೊಂದು ಪುಟ ಬರೆದು ಬಿಟ್ಟೆ.

ರೋಣ, ನರಗುಂದ, ಗಜೇಂದ್ರಗಡ ಸೇರಿಸಿ ನಮ್ಮಲ್ಲೂ ಒಂದು ಟೂರ್ನಮೆಂಟು ನಡೆಸಬೇಕೆಂಬ ಆಸೆ ನನಗೆ ಹುಟ್ಟಿದ್ದು ಆ ಮೆಟ್ಟಿಲ ಮೇಲೆಯೇ. ಮೂರೂ ಊರಿನಿಂದ ಎರಡೆರಡು ಜೋಡಿ. ಮಾಮಲೇದಾರರು ಒಪ್ಪಿದರು. ವಕೀಲರು ತಾವು ನನ್ನ ಜೋಡಿ ಎಂದರು. ಅವರ ಆಟ ಸಾಧಾರಣ, ಆದರೆ ಬೇಡವೆನ್ನುವ ಎದೆ ಯಾರಿಗೂ ಇರಲಿಲ್ಲ. ನಮ್ಮ ಶಾಲೆಯ ಕಮಿಟಿಯಲ್ಲಿ ಅವರೇ ಹಿರಿಯರು, ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ಆಡುವವರ ಪಟ್ಟಿ ಬರೆಯುತ್ತ ಕುಳಿತಿದ್ದಾಗ ಮಾರ್ಕರ್ ಬಂದು ಬಾಗಿಲ ಬಳಿ ನಿಂತರು. ಸುಮ್ಮನೆ ಬಲೆ ಸುತ್ತಿದರು, ಬಿಚ್ಚಿದರು. ಆಮೇಲೆ ಹೇಳಿದರು:

"ಇಷ್ಟು ವರ್ಷ ಎಲ್ಲಾರ ಹೆಸರೂ ಹಲಗಿ ಮ್ಯಾಲ ಬರದೇನ್ರಿ. ಯಾರರೆ ಕಡಿಮಿ ಬಿದ್ರ ನನ್ನ ನೆನಸ್ರಿ."

ಖಂಡಿತ ಎಂದೆ. ಹಾಗೆನ್ನುವುದು ಸುಲಭವಿತ್ತು, ಯಾರೂ ಕಡಿಮೆ ಬಿದ್ದಿರಲಿಲ್ಲವಲ್ಲ. ಅವರು ಆ ವಾರವೇ ದರ್ಜಿಯ ಹತ್ತಿರ ಹೋಗಿ ಬಿಳಿ ಅಂಗಿಯೊಂದನ್ನು ಹೊಲಿಸಿಕೊಂಡರು, ಬಲತೋಳು ಅಗಲ, ಎಡತೋಳು ಸಣ್ಣ.

ಟೂರ್ನಮೆಂಟಿಗೆ ಜನ ಬಂದದ್ದು ನೋಡಿ ನಮಗೇ ಆಶ್ಚರ್ಯ. ಸೂಡಿ, ರಾಜೂರುಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಕಣ ಮಾಡಿದ ಆ ಇಬ್ಬರು ರೈತರು ಮುಂದಿನ ಸಾಲಿನಲ್ಲಿ ಕುಳಿತು, ಯಾವುದಾದರೂ ಬೂಟು ನೆಲ ಕೆರೆದರೆ ತಮ್ಮ ಮೈಯೇ ತರಚಿದಂತೆ ಹಲ್ಲು ಕಚ್ಚುತ್ತಿದ್ದರು. ಗಜೇಂದ್ರಗಡದವರು ಗುಡ್ಡದ ಬುಡದ ಕಲ್ಲುನೆಲದಲ್ಲಿ ಆಡಿ ಕಲಿತವರು. ನಮ್ಮ ನೆಲದ ಮೇಲೆ ಚೆಂಡು ಪುಟಿಯುವ ಮೊದಲೇ ಬ್ಯಾಟು ಬೀಸಿ ಬೇಗ ಸೋತರು. ವಕೀಲರನ್ನು ಹಿಂದೆ ನಿಲ್ಲಿಸಿಕೊಂಡು ನಾನೂ ಹೇಗೋ ಕಡೆಯ ಆಟಕ್ಕೆ ಬಂದೆ. ಎದುರು ನರಗುಂದದ ಡಾಕ್ಟರು ಮತ್ತು ಅವರ ತಮ್ಮ.

ಕಡೆಯ ಆಟದ ದಿನ ಮುಂಜಾನೆ ವಕೀಲರು ಕಚೇರಿಯ ಹಿಂದಿನ ಹೊಲ ದಾಟುವಾಗ ಎರೆಯ ಬಿರುಕಿಗೆ ಕಾಲು ಸಿಕ್ಕಿ ಬಿದ್ದರು. ಪಾದ ಊದಿಕೊಂಡಿತು. ಜನ ಆಗಲೇ ನೆರೆದಿದ್ದರು. ಮಾರ್ಕರ್ ತಮ್ಮ ಬದಲಿಗೆ ನಿಲ್ಲಲಿ ಎಂದು ವಕೀಲರೇ ಹೇಳಿದರು. ಕ್ಲಬ್ಬಿನ ನೌಕರ ಆಡಬಹುದೇ ಎಂದು ಮಾಮಲೇದಾರರು ಅನುಮಾನಿಸಿದಾಗ ನರಗುಂದದ ಡಾಕ್ಟರು, ಚಲೋ ಆಡುವವರ ಕೂಡ ಆಡಲಿಕ್ಕೇ ಬಂದಿದ್ದೇವೆ ಎಂದು ಮಾತು ಮುಗಿಸಿದರು.

ಬಿಳಿ ಅಂಗಿ ತೊಟ್ಟು, ಬರಿಗಾಲಿನಲ್ಲಿ, ಮಾರ್ಕರ್ ಅಂಗಳಕ್ಕಿಳಿದರು. ಇಳಿಯುವ ಮುನ್ನ ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಐವತ್ತು ದಾಟಿದ ಮನುಷ್ಯ. ಓಡಿದ್ದು ಕಡಿಮೆ, ಚೆಂಡು ಬರುವಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದರು. ನಾನು ಅವಸರಿಸಿದಾಗ "ಸಾವಕಾಶ, ಸಾವಕಾಶ" ಎಂದು ಮೆಲ್ಲಗೆ ಅನ್ನುತ್ತಿದ್ದರು. ಕೊನೆಯ ಸೆಟ್ಟು ಸಮಸಮವಾಗಿ ಬಂದು, ಇನ್ನೊಂದು ಹೊಡೆತಕ್ಕೆ ನಮ್ಮ ಗೆಲುವು ಎನ್ನುವಾಗ ಅವರು ಡಾಕ್ಟರ ತಲೆಯ ಮೇಲಿಂದ ಚೆಂಡು ಎತ್ತಿ ಹಾಕಿದರು. ಗೆರೆಯ ಹತ್ತಿರ ಬಿತ್ತು. ಅಂದು ತೀರ್ಪು ಹೇಳಲು ಕುಳಿತಿದ್ದ ಪೋಸ್ಟ್ ಮಾಸ್ತರರು ಒಳಗೆಂದರು. ಜನ ಎದ್ದರು. ನಾನು ಬ್ಯಾಟು ಮೇಲೆ ಎಸೆದೆ.

ಮಾರ್ಕರ್ ಕೈ ಎತ್ತಿ ನಿಂತಿದ್ದರು. "ಹೊರಗ ಬಿತ್ರಿ" ಎಂದರು.

ನನಗೆ ಅವರನ್ನು ಹೊಡೆಯುವಷ್ಟು ಸಿಟ್ಟು ಬಂತು. ಮತ್ತೆ ಅರ್ಧ ತಾಸು ಆಡಬೇಕಾಯಿತು. ಕೊನೆಗೆ ಅವರ ಹೊಡೆತವೊಂದು, ಯಾರೂ ಅನುಮಾನಿಸದ ಹಾಗೆ, ಗೆರೆಯ ಸುಣ್ಣ ಹಾರಿಸಿತು. ಗೆದ್ದೆವು. ಡಾಕ್ಟರು ನನ್ನನ್ನು ದಾಟಿ ಹೋಗಿ ಮೊದಲು ಅವರ ಕೈ ಹಿಡಿದುಕೊಂಡರು.

ಬಹುಮಾನದ ಹೊತ್ತಿಗೆ ವಕೀಲರು ಕುಂಟುತ್ತ ಬಂದು ನನ್ನ ಪಕ್ಕದಲ್ಲಿ ನಿಂತು ಬಟ್ಟಲು ಇಸಿದುಕೊಂಡರು. ಮಾರ್ಕರ್ ಬಲೆಯ ಕಂಬದ ಬಳಿ ಇದ್ದರು. ಅದೊಂದು ದಿನದ ಮಾತು, ಮರೆತುಹೋಗುತ್ತಿತ್ತು. ಉಳಿಯುವಂಥದು ಹಲಗೆ. ಸಮುದ್ರದ ಊರಿನಲ್ಲಿದ್ದಂತೆ ನಮ್ಮಲ್ಲೂ ಒಂದು ಕರಿ ಹಲಗೆ ಮಾಡಿಸಿದ್ದೆವು, ಅದರ ಮೇಲೆ ಬರೆಯುವವರು ಮಾರ್ಕರ್. ಹೆಸರು ಚೀಟಿಯಲ್ಲಿ ಬರೆದು ಕೊಡಬೇಕಾದವನು ಕಾರ್ಯದರ್ಶಿಯಾದ ನಾನು. ವಕೀಲರು ಶಾಲೆಗೇ ಬಂದು, ಪಟ್ಟಿಯಲ್ಲಿರುವುದು ತಮ್ಮ ಹೆಸರು, ಹಲಗೆಗೂ ಅದೇ ಬರಬೇಕಲ್ಲವೇ ಎಂದು ನಗುತ್ತ ಹೇಳಿಹೋದರು. ಮರುವಾರ ಕಮಿಟಿ ಕೂಡುವುದಿತ್ತು, ನನ್ನ ನೌಕರಿಯ ಮಾತು ಅಲ್ಲಿ ಬರುವುದಿತ್ತು. ಅವರು ಅದನ್ನು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ.

ಚೀಟಿಯನ್ನು ಮಾರ್ಕರ್ ಕೈಗೆ ಕೊಟ್ಟೆ. ಅವರು ಬೆಳಕಿಗೆ ಹಿಡಿದು ಓದಿದರು. ನನ್ನ ಹೆಸರು, ವಕೀಲರ ಹೆಸರು.

"ಹಿಂಗ ಬರೀಲೇನ್ರಿ, ಮಾಸ್ತರ್ರ?"

"ಹೂಂ, ಹಾಂಗ ಬರೀರಿ" ಎಂದೆ.

ಇನ್ನೊಮ್ಮೆ ಕೇಳಿದ್ದರೆ ಆ ಚೀಟಿ ಹರಿದುಬಿಡುತ್ತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ಹತ್ತು ಸಲ ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ. ಅವರು ಒಂದೇ ಸಲ ಕೇಳಿ, ಕುಂಚ ತೊಳೆಯಲು ಹೋದರು. ನನ್ನ ನೌಕರಿ ಕಾಯಂ ಆಯಿತು.

ಹಲಗೆಯನ್ನು ಕೋಣೆಯೊಳಗೆ ಎತ್ತರದಲ್ಲಿ ತೂಗುಹಾಕಿದರು. ನಾನು ಅದರತ್ತ ಕತ್ತೆತ್ತಲಿಲ್ಲ. ಮಾರ್ಕರ್ ನನ್ನೊಡನೆ ಮುನಿಸಿಕೊಂಡಿದ್ದರೆ ಹಗುರವಾಗುತ್ತಿತ್ತು. ಅವರು ಮೊದಲಿನ ಹಾಗೆಯೇ ಮಾತಾಡಿದರು, ನೀರು ಚಿಮುಕಿಸುತ್ತ ಅದೇ ಚರಿತ್ರೆ ಹೇಳಿದರು. ಆ ಬಿಳಿ ಅಂಗಿಯನ್ನು ಮಾತ್ರ ಮತ್ತೆ ತೊಡಲಿಲ್ಲ. ಮರುವರ್ಷ ಗೆದ್ದವರು ನರಗುಂದದವರು. ಡಾಕ್ಟರ ಹೆಸರು ಬರೆದು ಮುಗಿಸಿ ಮಾರ್ಕರ್ ಸಾಲಿನ ಕೊನೆಗೆ ಹೆಸರುಕಾಳಿನಷ್ಟು ಒಂದು ಬಿಳಿ ಚುಕ್ಕೆ ಇಟ್ಟರು. ಅದೇನೆಂದು ಕೇಳಿದೆ.

"ಚೆಂಡು ಒಳಗ ಬಿದ್ದೈತಿ ಅಂತ ಗುರ್ತರಿ. ಮೊದಲಿಂದ ನನ್ನ ಪದ್ಧತಿ" ಎಂದರು. ನಾನು ನಕ್ಕೆ. ಆ ಸಾಲಿನ ಮೇಲಿನ ಸಾಲನ್ನು ನೋಡಲಿಲ್ಲ.

ಟೂರ್ನಮೆಂಟು ಮೂರು ವರ್ಷ ನಡೆಯಿತು. ಆಮೇಲೆ ಕನ್ನಡ ನಾಡು ಒಂದಾಗಿ ಕಚೇರಿಯ ಸಾಹೇಬರೆಲ್ಲ ಅತ್ತಿತ್ತ ವರ್ಗವಾದರು, ಆಡುವವರು ಕಡಿಮೆಯಾದರು. ನಾನು ನರಗುಂದದ ಶಾಲೆಗೆ ಹೋದೆ. ಒಂದು ದಿನ ಪೋಸ್ಟ್ ಮಾಸ್ತರರ ಕಾರ್ಡು ಬಂತು: ಜ್ವರ ಬಂದು ಮಾರ್ಕರ್ ದವಾಖಾನೆಯಲ್ಲಿ ನಾಲ್ಕು ದಿನ ಮಲಗಿ ತೀರಿಕೊಂಡರು. ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಬಿಳಿ ಅಂಗಿಯನ್ನೇ ತೊಡಿಸಿದರಂತೆ. ರಾಜೂರಿನ ಆ ಇಬ್ಬರು ರೈತರು ಹೆಗಲು ಕೊಟ್ಟರಂತೆ. ಕಾರ್ಡು ನನ್ನ ಕೈ ಸೇರುವ ಹೊತ್ತಿಗೆ ಮೂರು ದಿನವಾಗಿತ್ತು. ಬೇಗ ಬಂದಿದ್ದರೂ ಹೋಗುತ್ತಿದ್ದೆನೋ ಇಲ್ಲವೋ.

ಮರುವರ್ಷ ಪರೀಕ್ಷೆಯ ಕೆಲಸಕ್ಕೆಂದು ನನ್ನನ್ನು ಆ ಸಮುದ್ರದ ಊರಿಗೇ ಕಳಿಸಿದರು. ಅವರು ಹೇಳಿದ ಕ್ಲಬ್ಬು ಹುಡುಕಿ ಹೋದೆ. ಹಲಗೆ ಅವರು ಹೇಳಿದಲ್ಲೇ ಇತ್ತು. ಒಂದೊಂದೇ ಹೆಸರು ಓದುತ್ತ ಬಂದರೆ ಅವರ ದನಿಯೇ ಕೇಳಿದಂತಾಯಿತು. ಅವರು ಅಲ್ಲಿದ್ದಷ್ಟು ವರ್ಷದ ಸಾಲುಗಳ ಕೊನೆಗೆ ಆ ಬಿಳಿ ಚುಕ್ಕೆ. ಗಾಳಿ-ಮಳೆಗೆ ಆಟವೇ ಆಗಲಿಲ್ಲ ಎನ್ನುತ್ತಿದ್ದ ವರ್ಷ ಖಾಲಿ ಇರಲಿಲ್ಲ. ಅಲ್ಲೂ ಎರಡು ಹೆಸರಿದ್ದವು. ಆ ಸಾಲಿಗೆ ಮಾತ್ರ ಚುಕ್ಕೆ ಇರಲಿಲ್ಲ.

ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ಹಳೆಯ ಸದಸ್ಯರೊಬ್ಬರನ್ನು ಕೇಳಿದೆ. ಅವರು ಕನ್ನಡಕ ತೆಗೆದು, ಆ ವರ್ಷ ಎಂಜಿನಿಯರಿಗೆ ಜ್ವರ ಬಂದು ಕಡೆಯ ಆಟಕ್ಕೆ ನಿಂತದ್ದು ಮಾರ್ಕರ್, ಗೆದ್ದದ್ದೂ ಅವನಿಂದಲೇ, ಆದರೆ ಮಾರ್ಕರ್‌ನ ಹೆಸರನ್ನು ಹಲಗೆಯ ಮೇಲೆ ಹೇಗೆ ಬರೆಸುವುದು, ಎಂಜಿನಿಯರ ಹೆಸರೇ ಬರೆಸಿದೆವು ಎಂದರು. ಪಾಪ, ಅವನೇ ಬರೆದ, ಒಂದು ಮಾತಾಡಲಿಲ್ಲ ಎಂದು ಮೆಚ್ಚಿಕೊಂಡರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಮೊದಲ ಸಲ ಸಮುದ್ರ ನೋಡಿದೆ. ಏನು ನೋಡಿದೆನೋ ನೆನಪಿಲ್ಲ. ಅಲ್ಲಿ ಒಮ್ಮೆ ಅಂಥ ಚೀಟಿ ಓದಿದ್ದ ಮನುಷ್ಯನ ಕೈಗೆ ಅದೇ ಚೀಟಿಯನ್ನು ಎರಡನೆಯ ಸಲ ಕೊಟ್ಟವನು ನಾನು. ಜನ್ಮವೆಲ್ಲ ಸುಳ್ಳು ಹೇಳದವರು ಒಂದೇ ಒಂದು ಸುಳ್ಳು ಮಳೆಯನ್ನು ಕಟ್ಟಿಕೊಂಡಿದ್ದರು, ಅದರ ಹಿಂದೆ ಏನಿತ್ತೆಂದು ನಾನು ಕೇಳಿರಲಿಲ್ಲ.

ಮರಳುವಾಗ ರೋಣದಲ್ಲಿ ಇಳಿದೆ. ಕ್ಲಬ್ಬಿನ ಬೀಗದ ಕೈ ಪೋಸ್ಟ್ ಮಾಸ್ತರರ ಬಳಿ ಇತ್ತು. ದುಂಡು ಕಣ ಅಲ್ಲಲ್ಲಿ ಬಾಯಿ ಬಿಟ್ಟಿತ್ತು, ಮೇಟಿಯ ಬುಡದ ಕೊಂಡಿ ತುಕ್ಕು ಹಿಡಿದಿತ್ತು. ಕೋಣೆಯೊಳಗೆ ಹಲಗೆಯ ಮೇಲೆ ಮೂರು ಸಾಲು. ಕೆಳಗಿನ ಎರಡಕ್ಕೂ ಚುಕ್ಕೆ ಇತ್ತು. ನನ್ನ ಹೆಸರಿದ್ದ ಮೊದಲ ಸಾಲಿಗೆ ಇರಲಿಲ್ಲ. ನಾನು ಹೇಳಿದಂತೆಯೇ ಬರೆದು, ಹೊರಗೆ ಬಿತ್ತೆಂದು ಕೈ ಎತ್ತಿ ಹೋಗಿದ್ದರು.

ಪೇಟೆಗೆ ಹೋಗಿ ಬಿಳಿ ಬಣ್ಣ, ಒಂದು ಸಣ್ಣ ಕುಂಚ ತಂದೆ. ಹಲಗೆ ಇಳಿಸಿ ವಕೀಲರ ಹೆಸರನ್ನು ಚಾಕುವಿನಿಂದ ಕೆರೆದು ತೆಗೆದೆ. ಕುಂಚ ಅದ್ದಿದೆ. ಅಲ್ಲಿಗೆ ಕೈ ನಿಂತಿತು. ಬರೆಯಬೇಕಾದ ಹೆಸರು ನನಗೆ ಗೊತ್ತಿರಲಿಲ್ಲ.

ಐದು ವರ್ಷ ದಿನಾ ಸಂಜೆ ಅವರನ್ನು ಕರೆದಿದ್ದೆ, ಮಾರ್ಕರ್ ಎಂದೇ ಕರೆದಿದ್ದೆ. ಪೋಸ್ಟ್ ಮಾಸ್ತರರನ್ನು ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಮಾರ್ಕರ್ ಹೆಸರಿಗೆಂದು ಒಂದು ಕಾಗದವೂ ಬಂದದ್ದಿಲ್ಲ ಎಂದರು. ಕ್ಲಬ್ಬಿನ ಪಗಾರದ ಪುಸ್ತಕದಲ್ಲೂ ದವಾಖಾನೆಯ ಪುಸ್ತಕದಲ್ಲೂ ಮಾರ್ಕರ್ ಎಂದಷ್ಟೇ ಇತ್ತು. ರಾಜೂರಿಗೆ ಹೋದೆ. ಹಿರಿಯ ರೈತ ಕಣದಲ್ಲೇ ಇದ್ದ. ನಾನು ಅಂಚಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೇಳಿದೆ. ಅವನು ಮೇಟಿಗೆ ಒರಗಿದ.

"ನಾವು ಸಮುದ್ರದಾವ್ರು ಅಂತಿದ್ವಿರಿ" ಎಂದ. "ನೀವು ಕಲತಾವ್ರು, ನಿಮಗ ಗೊತ್ತಿರತೈತಿ ಅಂದ್ಕೊಂಡಿದ್ವಿ."

ಸಮುದ್ರದ ಊರಿನ ಆ ಹಳೆಯ ಸದಸ್ಯರಿಗೂ ಕಾಗದ ಬರೆದೆ. ಮಾರ್ಕರ್ ಎಂದೇ ಕರೆಯುತ್ತಿದ್ದೆವೆಂದು ಉತ್ತರ ಬಂತು. ಹಲಗೆಯನ್ನು ಪೋಸ್ಟ್ ಮಾಸ್ತರರ ಒಪ್ಪಿಗೆ ಪಡೆದು ಮನೆಗೆ ತಂದಿಟ್ಟುಕೊಂಡಿದ್ದೇನೆ. ಮೊದಲ ಸಾಲಿನಲ್ಲಿ ನನ್ನ ಹೆಸರಿದೆ, ಅದರ ಪಕ್ಕದಲ್ಲಿ ಕೆರೆದ ಜಾಗವಿದೆ. ಕೊನೆಗೆ ಚುಕ್ಕೆ ಇಟ್ಟಿಲ್ಲ.